ಯಲಹಂಕಕ್ಕೊಂದು ಪೆನ್ಸಿಲ್ ಗೆರೆ

ನಮ್ಮ ಬಗದಲ್‌ನ ಹೊಲಗಳಲ್ಲಿ ಕೆಲಸ ಮಾಡುವವರು ಗಡಿಯಾರ ನೋಡುವುದು ಕಡಿಮೆ. ಬೀದರ್ ವಾಯುನೆಲೆಯಿಂದ ವಿಮಾನ ಎದ್ದ ಸದ್ದು ಕೇಳಿದರೆ ಬುತ್ತಿ ಬಿಚ್ಚುವ ಹೊತ್ತಾಯಿತೆಂದೇ ಲೆಕ್ಕ. ನಾನು ಚಿಕ್ಕವನಿದ್ದಾಗ ಅಜ್ಜ ಕಳೆ ತೆಗೆಯುವ ಖುರಪಿ ಕೆಳಗಿಟ್ಟು, ತಲೆ ಎತ್ತಿಯೂ ನೋಡದೆ ಹೇಳುತ್ತಿದ್ದ: “ವಿಮಾನ ಬಂತು, ರೊಟ್ಟಿ ತಗೀ.”

ಬೀದರ್ ಸುತ್ತಲಿನ ಹುಡುಗರಿಗೆ ವಿಮಾನ ಅಪರೂಪದ ವಸ್ತುವಲ್ಲ. ಇಲ್ಲಿನ ವಾಯುನೆಲೆಯಲ್ಲಿ ಯುವ ಪೈಲಟ್‌ಗಳಿಗೆ ಹಾಕ್ ವಿಮಾನದ ತರಬೇತಿ ನಡೆಯುತ್ತದೆ. 1996ರಲ್ಲಿ ಕಟ್ಟಿದ ಸೂರ್ಯಕಿರಣ ತಂಡದ ಮನೆಯೂ ಇದೇ. ದೇಶದ ಉಳಿದ ಜನ ಟಿಕೆಟ್ ತೆಗೆದು ನೋಡುವ ಒಂಬತ್ತು ವಿಮಾನಗಳ ಸಾಲನ್ನು ನಾವು ತೊಗರಿ ಹೊಲದಲ್ಲಿ ನಿಂತು, ಕಾಲೇಜು ಬಸ್ಸಿನ ಕಿಟಕಿಯಲ್ಲಿ ಕತ್ತು ಹಾಕಿ ಪುಕ್ಕಟೆ ನೋಡುತ್ತೇವೆ. ಆದರೆ ನೋಡುವುದಷ್ಟೇ ನಮ್ಮ ಪಾಲು ಎಂದು ನಾನು ತಿಳಿದಿದ್ದೆ. ವಿಮಾನ ಹಾರಿಸುವವರು ಬೇರೆ, ಮಾಡುವವರು ಬೇರೆ, ಕೆಳಗೆ ನಿಂತು ಬೆರಳು ತೋರಿಸುವವರು ನಾವು.

ಕಳೆದ ವರ್ಷ ಮಳೆಗಾಲದಲ್ಲಿ ಐದನೇ ಕ್ಲಾಸಿನ ನಮ್ಮ ಕಾಕನ ಮಗಳು ಮಾಳಿಗೆಯ ಮೇಲೆ ನಿಂತು ಕೇಳಿದಳು: “ಅಣ್ಣಾ, ಇದನ್ನ ಮನ್ಯಾಗ ಮಾಡ್ಲಾಕ ಬರ್ತದೇನು?”

“ಹುಚ್ಚಿ, ಇದೇನು ಗಾಳಿಪಟ ಏನು?” ಎಂದು ನಕ್ಕುಬಿಟ್ಟೆ. ಇಂಜಿನಿಯರಿಂಗ್ ಓದುವ ಅಣ್ಣ ಹೇಳಿದ ಮೇಲೆ ಮುಗಿಯಿತು, ಅವಳು ಸುಮ್ಮನಾದಳು. ನನಗೆ ಮಾತ್ರ ಸುಮ್ಮನಿರಲು ಆಗಲಿಲ್ಲ. ಥರ್ಮೋಡೈನಮಿಕ್ಸ್, ಫ್ಲುಯಿಡ್ ಮೆಕ್ಯಾನಿಕ್ಸ್ ಎರಡೂ ಪಾಸಾದವನು ಪುಸ್ತಕ ನೋಡದೆ ‘ಇಲ್ಲ’ ಅಂದುಬಿಟ್ಟೆನಲ್ಲ! ರಾತ್ರಿ ಕುಳಿತು ಹುಡುಕಿದೆ. ನಾನು ತಪ್ಪು ಹೇಳಿದ್ದೆ. ಮನೆಯಲ್ಲಿ ವಿಮಾನ ಮಾಡಬಹುದು. ಮಾಡಿದವರು ಸಾವಿರಾರು ಜನ ಇದ್ದಾರೆ. ಮಾಡಿ, ಅದರಲ್ಲೇ ಕುಳಿತು, ಜಾತ್ರೆಗೆ ಹೋದ ಹಾಗೆ ಹೋಗುತ್ತಾರೆ.

ವಿಮಾನಗಳ ಜಾತ್ರೆ

ಆ ಜಾತ್ರೆ ನಡೆಯುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಎಂಬ ಊರಿನಲ್ಲಿ. 1953ರಲ್ಲಿ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಎಂಬ ಪೈಲಟ್ ಮತ್ತು ಅವರ ಗೆಳೆಯರು, ತಮ್ಮ ಗ್ಯಾರೇಜಿನಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳಿಗಾಗಿ ಒಂದು ಸಂಘ ಮಾಡಿದರು. ಅದರ ಹೆಸರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಮೊದಲ ವರ್ಷದ ಕೂಟಕ್ಕೆ ಬಂದ ವಿಮಾನಗಳು ಎರಡು ಡಜನ್ ಕೂಡ ಇರಲಿಲ್ಲ. 1970ರಿಂದ ಕೂಟ ಆಶ್‌ಕಾಶ್‌ಗೆ ಬಂತು. ಈಗ ಪ್ರತಿ ಜುಲೈ ಕೊನೆಯ ವಾರ ಆ ಊರು ಮತ್ತು ಸುತ್ತಲಿನ ನಿಲ್ದಾಣಗಳಿಗೆ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಇಳಿಯುತ್ತವೆ. ಅವುಗಳಲ್ಲಿ ಪ್ರದರ್ಶನಕ್ಕೆ ನಿಲ್ಲುವ, ಮನೆಯಲ್ಲೇ ಕಟ್ಟಿದ ವಿಮಾನಗಳೇ ಸಾವಿರದ ಆಸುಪಾಸು. ಆ ಒಂದು ವಾರ ಅಲ್ಲಿನ ಪುಟ್ಟ ನಿಲ್ದಾಣದ ಕಂಟ್ರೋಲ್ ಟವರ್ ಜಗತ್ತಿನಲ್ಲೇ ಅತಿ ಹೆಚ್ಚು ಕೆಲಸವಿರುವ ಟವರ್ ಆಗುತ್ತದೆ.

ಇಷ್ಟೊಂದು ವಿಮಾನಗಳು ಒಟ್ಟಿಗೆ ಬಂದರೆ ಹೇಗೆ? ಆ ಏರ್ಪಾಡನ್ನು ಓದಿದಾಗ ನನಗೆ ನಮ್ಮ ಜಾತ್ರೆಯ ಎತ್ತಿನ ಬಂಡಿಗಳ ಸಾಲು ನೆನಪಾಯಿತು. ವಿಮಾನಗಳು ಮೊದಲು ರಿಪನ್ ಎಂಬ ಊರಿನ ಮೇಲೆ ಬರಬೇಕು. ಅಲ್ಲಿಂದ ಕೆಳಗೆ ಕಾಣುವ ರೈಲು ಹಳಿಯನ್ನೇ ಹಿಡಿದು, 90 ನಾಟ್, ಅಂದರೆ ಗಂಟೆಗೆ ಸುಮಾರು 165 ಕಿ.ಮೀ. ವೇಗದಲ್ಲಿ, ಒಂದರ ಹಿಂದೆ ಒಂದು ಅರ್ಧ ಮೈಲಿ ಅಂತರದಲ್ಲಿ ಫಿಸ್ಕ್ ಎಂಬ ಹಳ್ಳಿಗೆ ಹೋಗಬೇಕು. ಫಿಸ್ಕ್‌ನಲ್ಲಿ ನಿಯಂತ್ರಕರು ಬೈನಾಕ್ಯುಲರ್ ಹಿಡಿದು ನೆಲದ ಮೇಲೆ ಕುಳಿತಿರುತ್ತಾರೆ. ಪೈಲಟ್‌ಗಳು ರೇಡಿಯೋದಲ್ಲಿ ಮಾತಾಡುವಂತಿಲ್ಲ, ಕೇಳಿಸಿಕೊಳ್ಳಬೇಕು ಅಷ್ಟೇ. ‘ಕೆಂಪು ಬಣ್ಣದ ವಿಮಾನ, ನಿನ್ನ ರೆಕ್ಕೆ ಅಲ್ಲಾಡಿಸು’ ಎನ್ನುತ್ತಾರೆ ಕೆಳಗಿನವರು. ಕೆಂಪು ವಿಮಾನ ರೆಕ್ಕೆ ತೂಗಿದರೆ ‘ಕೇಳಿಸಿತು’ ಎಂದು ಅರ್ಥ. ಆಮೇಲೆ ಯಾವ ರನ್‌ವೇ ಎಂದು ಹೇಳುತ್ತಾರೆ. ರನ್‌ವೇ ಮೇಲೆ ದೊಡ್ಡ ದೊಡ್ಡ ಬಣ್ಣದ ಚುಕ್ಕೆಗಳಿರುತ್ತವೆ. ಒಂದು ವಿಮಾನ ಒಂದು ಚುಕ್ಕೆಯ ಮೇಲೆ, ಅದರ ಹಿಂದಿನದು ಇನ್ನೊಂದರ ಮೇಲೆ ಇಳಿಯಬೇಕು. ಇಳಿದವರು ಹುಲ್ಲಿನ ಮೇಲೆ ವಿಮಾನ ನಿಲ್ಲಿಸಿ, ಅದರ ರೆಕ್ಕೆಯ ಕೆಳಗೇ ಡೇರೆ ಹೊಡೆದು ಮಲಗುತ್ತಾರೆ. ನಮ್ಮವರು ಜಾತ್ರೆಯಲ್ಲಿ ಬಂಡಿಯ ಕೆಳಗೆ ಮಲಗುವುದಿಲ್ಲವೇ, ಹಾಗೆ.

ಇಲ್ಲಿ ನನ್ನನ್ನು ಹಿಡಿದದ್ದು ಇದು: ಆ ಜಾತ್ರೆಗೆ ವಿಮಾನವನ್ನು ‘ತರುವುದಿಲ್ಲ’, ವಿಮಾನದಲ್ಲಿ ‘ಬರುತ್ತಾರೆ’. ಬಣ್ಣ ಎಷ್ಟು ಹೊಳೆಯುತ್ತದೆ ಎನ್ನುವುದಕ್ಕಿಂತ, ಅದು ಎಷ್ಟು ದೂರದಿಂದ ಹಾರಿ ಬಂತು ಎನ್ನುವುದೇ ಅದರ ಪರೀಕ್ಷೆ. ಕಟ್ಟಿದವನೇ ಒಳಗೆ ಕುಳಿತಿರುವುದರಿಂದ ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಸಾಧ್ಯವೇ ಇಲ್ಲ.

ಅಮೆರಿಕದ ಕಾನೂನಿನಲ್ಲಿ ಇಂಥ ವಿಮಾನಕ್ಕೆ ಒಂದು ಷರತ್ತಿದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಯೇ ಮಾಡಿರಬೇಕು. ಜನ ಅದನ್ನು 51 ಶೇಕಡಾ ನಿಯಮ ಎನ್ನುತ್ತಾರೆ. ಯಾಕಾಗಿ ಕಟ್ಟಬೇಕು ಎಂಬುದನ್ನೂ ಕಾನೂನೇ ಹೇಳುತ್ತದೆ: ಸ್ವಂತ ಶಿಕ್ಷಣಕ್ಕಾಗಿ ಅಥವಾ ಸಂತೋಷಕ್ಕಾಗಿ. ಸರ್ಕಾರಿ ನಿಯಮವೊಂದರಲ್ಲಿ ‘ಕಲಿಯುವುದಕ್ಕಾಗಿ ವಿಮಾನ ಕಟ್ಟಬಹುದು’ ಎಂದು ಬರೆದಿರುವುದನ್ನು ಓದಿ, ಲ್ಯಾಬಿನಲ್ಲಿ ಹತ್ತು ಜನ ಒಂದು ಯಂತ್ರದ ಸುತ್ತ ನಿಂತು ರೀಡಿಂಗ್ ಬರೆದುಕೊಳ್ಳುವ ನನಗೆ ಹೊಟ್ಟೆಕಿಚ್ಚಾಯಿತು.

ಥರ್ಮಾಕೋಲ್‌ನ ರೆಕ್ಕೆ

1975ರ ಜಾತ್ರೆಗೆ ಬರ್ಟ್ ರುಟಾನ್ ಎಂಬ ಇಂಜಿನಿಯರ್ ಒಂದು ವಿಚಿತ್ರ ವಿಮಾನ ತಂದರು. ಅದರ ಚಿಕ್ಕ ರೆಕ್ಕೆ ಮೂತಿಯ ಹತ್ತಿರ, ದೊಡ್ಡ ರೆಕ್ಕೆ ಹಿಂದೆ, ಪ್ರೊಪೆಲ್ಲರ್ ಬೆನ್ನ ಹಿಂದೆ. ನೋಡಿದವರಿಗೆ ಹಿಂದುಮುಂದಾಗಿ ಹಾರುತ್ತಿದೆಯೇನೋ ಎನ್ನಿಸುತ್ತಿತ್ತು. ಹೆಸರು ವೇರಿ-ಈಝಿ. ಕೆಲವೇ ತಿಂಗಳಲ್ಲಿ ಕಟ್ಟಿದ್ದು. ಎಂಜಿನ್ ಫೋಕ್ಸ್‌ವ್ಯಾಗನ್ ಕಾರಿನ ಎಂಜಿನ್ನಿನಿಂದ ಮಾಡಿದ್ದು. ಬರ್ಟ್ ಅವರ ಅಣ್ಣ ಡಿಕ್ ರುಟಾನ್ ಅದೇ ಜಾತ್ರೆಯಲ್ಲಿ ಅದನ್ನು ನಿಲ್ಲಿಸದೆ 2,600 ಕಿ.ಮೀ.ಗೂ ಹೆಚ್ಚು ಹಾರಿಸಿ ಆ ತೂಕದ ವಿಮಾನಗಳಲ್ಲಿ ವಿಶ್ವದಾಖಲೆ ಮಾಡಿದರು. ನೋಡಿದ ಜನ ನಕ್ಷೆ ಕೊಡಿ, ನಾವೂ ಕಟ್ಟುತ್ತೇವೆ ಎಂದು ಮುಗಿಬಿದ್ದರು.

1979ರಲ್ಲಿ ಅದರ ದೊಡ್ಡ ತಂಗಿ ಲಾಂಗ್-ಈಝಿ ಹಾರಿತು. ಇಬ್ಬರು ಕೂರುವ ಈ ವಿಮಾನದ ಖಾಲಿ ತೂಕ ಮುನ್ನೂರು ಕಿಲೋ ಚಿಲ್ಲರೆ, ರೆಕ್ಕೆಯ ಅಗಲ ಸುಮಾರು ಎಂಟು ಮೀಟರ್. ಅದನ್ನು ಕಟ್ಟುವ ರೀತಿ ಓದಿ ನಾನು ಹಾಸಿಗೆಯಿಂದ ಎದ್ದು ಕುಳಿತೆ. ರೆಕ್ಕೆಯ ಒಳಗೆ ಇರುವುದು ಫೋಮ್. ನಾವು ಗಣಪತಿ ಮಂಟಪಕ್ಕೆ ಬಳಸುವ ಥರ್ಮಾಕೋಲ್‌ನ ಗಟ್ಟಿ ಜಾತಿ. ರೆಕ್ಕೆಯ ಆಕಾರದ ಎರಡು ಪಟ್ಟಿಗಳನ್ನು ಫೋಮ್‌ನ ಎರಡೂ ತುದಿಗೆ ಅಂಟಿಸಿ, ವಿದ್ಯುತ್ತಿನಿಂದ ಕಾಯಿಸಿದ ತಂತಿಯನ್ನು ಇಬ್ಬರು ಆ ಕಡೆ ಈ ಕಡೆ ಹಿಡಿದು ಪಟ್ಟಿಯ ಮೇಲೆ ಎಳೆದರೆ, ಬೆಣ್ಣೆ ಕೊಯ್ದ ಹಾಗೆ ರೆಕ್ಕೆ ಹೊರಬರುತ್ತದೆ. ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಅಂಟು ಸವರಬೇಕು. ಒಣಗಿದರೆ ಉಕ್ಕಿಗೆ ಸವಾಲು ಹಾಕುವ ಗಟ್ಟಿ. ಅಚ್ಚು ಬೇಡ, ದೊಡ್ಡ ಕಾರ್ಖಾನೆ ಬೇಡ. ಬೇಕಾದದ್ದು ಒಂದು ಕೋಣೆ, ನಿಖರ ಅಳತೆ ಮತ್ತು ತಾಳ್ಮೆ.

ಈ ಕಥೆ ಅಮೆರಿಕದಲ್ಲೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದು ನಮ್ಮ ಬೆಂಗಳೂರಿಗೆ ಬಂತು.

ಲಾಂಗ್-ಈಝಿಯಿಂದ ಹಂಸದ ತನಕ

1980ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಇದೇ ಲಾಂಗ್-ಈಝಿಯ ಮಾದರಿಯಲ್ಲಿ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತು. ಹೆಸರು ಲೈಟ್ ಕ್ಯಾನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್. ದೊಡ್ಡ ಪ್ರಯೋಗಾಲಯವೊಂದು ಹವ್ಯಾಸಿಗಳ ಗ್ಯಾರೇಜ್ ವಿಮಾನ ಕಟ್ಟುವುದೇ ಎಂದು ಯಾರಾದರೂ ಮೂಗು ಮುರಿದಿರಬಹುದು. ಆದರೆ ಗಾಜಿನ ನಾರು, ಎಪಾಕ್ಸಿಗಳಲ್ಲಿ ಇಡೀ ವಿಮಾನ ಮಾಡುವುದು ಹೇಗೆ ಎಂದು ಕೈಯಾರೆ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇರಲಿಲ್ಲ. ಆ ಪ್ರಯೋಗಾಲಯ 1993ರ ನವೆಂಬರ್ 17ರಂದು ತನ್ನದೇ ಎರಡು ಆಸನದ ವಿಮಾನ ಹಾರಿಸಿತು. ಅದೇ ‘ಹಂಸ’. 2000ದಲ್ಲಿ ಹಂಸ-3ಕ್ಕೆ ಅಧಿಕೃತ ಪ್ರಮಾಣಪತ್ರ ಸಿಕ್ಕಿತು. ದೇಶದ ಹಲವು ಫ್ಲೈಯಿಂಗ್ ಕ್ಲಬ್‌ಗಳಿಗೆ ಅದು ಹೋಯಿತು. 2021ರ ಸೆಪ್ಟೆಂಬರ್ 3ರಂದು ಹೊಸ ಪೀಳಿಗೆಯ ಹಂಸ-ಎನ್‌ಜಿ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ಮುಂದಿನ ಫೆಬ್ರುವರಿಯಲ್ಲಿ ಸಮುದ್ರಮಟ್ಟದ ಪರೀಕ್ಷೆಗಾಗಿ ಪುದುಚೇರಿಗೆ ಹೋಗಬೇಕಿತ್ತು. ಲಾರಿಯಲ್ಲಿ ಹೋಗಲಿಲ್ಲ, ಒಂದೂವರೆ ಗಂಟೆಯಲ್ಲಿ ಹಾರಿಯೇ ಹೋಯಿತು.

ಆ ವರ್ಷಗಳಲ್ಲಿ, 1984ರಿಂದ 1993ರವರೆಗೆ, ಎನ್‌ಎಎಲ್ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಬರೆದ ಭೌತಶಾಸ್ತ್ರದ ಮೇಷ್ಟ್ರು. ನರಸಿಂಹ ಅವರಿಗೆ ವಿಮಾನದ ಗೀಳು ಹತ್ತಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ನೋಡಿ. ಒಂದು ಪ್ರದರ್ಶನ ಒಬ್ಬ ವಿದ್ಯಾರ್ಥಿಯ ದಿಕ್ಕನ್ನು ಎಷ್ಟು ತಿರುಗಿಸಬಹುದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಬೆಂಗಳೂರಿಗೆ ಇನ್ನೊಂದು ನಂಟೂ ಇದೆ. ಫ್ರಾನ್ಸ್‌ನಿಂದ ಬಂದು ಇಲ್ಲಿ ನೆಲೆಸಿದ ಜೋಯೆಲ್ ಕೊಯ್ಚಲಿನ್ ಅವರ ರಾಜ್ ಹಂಸ ಅಲ್ಟ್ರಾಲೈಟ್ಸ್ ಎಂಬ ಸಂಸ್ಥೆ ಎಕ್ಸ್-ಏರ್ ಎಂಬ ಹಗುರ ವಿಮಾನ ತಯಾರಿಸಿತು. ಸಿನಿಮಾ ನೋಡುವವರಿಗೆ ಸುಲಭವಾಗಿ ಹೇಳಬೇಕೆಂದರೆ ಅವರು ನಟಿ ಕಲ್ಕಿಯ ತಂದೆ. ಅಲ್ಯೂಮಿನಿಯಂ ಕೊಳವೆ, ಹಾಯಿಬಟ್ಟೆಯ ರೆಕ್ಕೆಗಳ ಈ ವಿಮಾನ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬ್ರಿಟನ್ನಿಗೆ ಹೋಗುತ್ತಿತ್ತು. ಅಲ್ಲಿನ ಹವ್ಯಾಸಿಗಳು ಅದನ್ನು ಮನೆಯಲ್ಲಿ ಜೋಡಿಸಿ, ವಾರಾಂತ್ಯದ ವಿಮಾನ ಕೂಟಗಳಿಗೆ ಹಾರಿಸಿಕೊಂಡು ಹೋಗುತ್ತಿದ್ದರು. ಬೆಂಗಳೂರಿನಲ್ಲಿ ಕೊರೆದ ಕೊಳವೆಯನ್ನು ಬ್ರಿಟನ್ನಿನ ಗ್ಯಾರೇಜಿನಲ್ಲಿ ಯಾರೋ ಜೋಡಿಸಿ ಆಕಾಶಕ್ಕೆ ಏರಿಸುತ್ತಿದ್ದರು. ನಾವು ಬೀದರ್‌ನಲ್ಲಿ ನಿಂತು ‘ಮನ್ಯಾಗ ಎಲ್ಲಿ ಬರ್ತದ’ ಎನ್ನುತ್ತಿದ್ದೆವು.

ರೈಲಿನಲ್ಲಿ ಹೋದ ವಿಮಾನ

ಇಷ್ಟು ಓದಿದ ಮೇಲೆ ಕೈ ಸುಮ್ಮನಿರುವುದೇ? ನಾವು ನಾಲ್ವರು ಗೆಳೆಯರು ಸೇರಿದೆವು. ಕೂರುವ ವಿಮಾನಕ್ಕೆ ದುಡ್ಡೂ ಇಲ್ಲ, ಪರವಾನಗಿಯೂ ಇಲ್ಲ. ಹಾಗಾಗಿ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನ. ರೆಕ್ಕೆಯ ಅಗಲ ಒಂದೂವರೆ ಮೀಟರ್. ಬೆಂಗಳೂರಿನ ಕಾಲೇಜೊಂದರ ಸ್ಪರ್ಧೆಗೆ ಹೆಸರು ಕೊಟ್ಟೆವು. ಹಳೆಯ ಹೀಟರಿನ ತಂತಿ ಬಿಚ್ಚಿ, ಮರದ ಚೌಕಟ್ಟಿಗೆ ಬಿಗಿದು, ಥರ್ಮಾಕೋಲ್ ಕೊಯ್ಯುವ ಬಿಲ್ಲು ಮಾಡಿಕೊಂಡೆವು. ಮೊದಲ ಮೂರು ರೆಕ್ಕೆಗಳು ಹಲ್ಲಿ ಕಚ್ಚಿದ ಹಾಗೆ ಬಂದವು. ಇಬ್ಬರ ಕೈ ಒಂದೇ ವೇಗದಲ್ಲಿ ಹೋಗದಿದ್ದರೆ ತಂತಿ ಒಂದು ಕಡೆ ನಿಂತು ಫೋಮ್ ತಿನ್ನುತ್ತದೆ. ನಾಲ್ಕನೆಯದು ಸರಿಯಾಯಿತು.

ವಾಯುನೆಲೆಯ ಹತ್ತಿರ ಇಂಥದ್ದನ್ನು ಹಾರಿಸುವಂತಿಲ್ಲ, ಹಾರಿಸಲೂಬಾರದು. ಹಾಗಾಗಿ ದೂರದಲ್ಲಿರುವ ನಮ್ಮ ಹೊಲದಲ್ಲಿ, ಜನವರಿಯಲ್ಲಿ ತೊಗರಿ ಕಟಾವಾದ ಮೇಲೆ, ಮನೆಯ ಎತ್ತರ ದಾಟದಂತೆ ಮೊದಲ ಹಾರಾಟ. ಕಾಕನ ಮಗಳೂ ಬಂದಿದ್ದಳು. ವಿಮಾನ ಕೈಬಿಟ್ಟ ಕೂಡಲೇ ಮೂತಿ ಎತ್ತಿತು, ಇನ್ನೂ ಎತ್ತಿತು, ಒಂದು ಕ್ಷಣ ಗಾಳಿಯಲ್ಲಿ ನಿಂತಿತು, ಆಮೇಲೆ ಬಾಲ ಮುಂದಾಗಿ ನೆಲಕ್ಕೆ ಬಿತ್ತು. ನಾಲ್ಕು ಸೆಕೆಂಡು. ಎರಡು ತಿಂಗಳ ಕೆಲಸ, ಅಪ್ಪ ರಸಗೊಬ್ಬರಕ್ಕೆಂದು ಇಟ್ಟಿದ್ದ ಹಣದಲ್ಲಿ ಕೊಂಡ ಮೋಟಾರು, ಎಲ್ಲ ಕೆಂಪು ಮಣ್ಣಿನಲ್ಲಿ.

ಕಾರಣ ಹುಡುಕಲು ಇಡೀ ಸಂಜೆ ಹಿಡಿಯಿತು. ಲೆಕ್ಕ ಸರಿಯಿತ್ತು. ಗುರುತ್ವ ಕೇಂದ್ರ ಎಲ್ಲಿರಬೇಕೆಂದು ನಾನೇ ರೆಕ್ಕೆಯ ಮೇಲೆ ಗೆರೆ ಎಳೆದಿದ್ದೆ. ಆದರೆ ಹಿಂದಿನ ರಾತ್ರಿ ಬ್ಯಾಟರಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ‘ಇರಲಿ ಬಿಡು’ ಎಂದು ಬ್ಯಾಟರಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಸರಿಸಿದ್ದೆ. ಯಾರಿಗೂ ಹೇಳಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ಭಾರ ಹಿಂದೆ ಹೋಯಿತು, ಮೂತಿ ಮೇಲೆ ಹೋಯಿತು, ಉಳಿದದ್ದನ್ನು ನ್ಯೂಟನ್ ನೋಡಿಕೊಂಡ. ಗೆಳೆಯರಿಗೆ ಇದನ್ನು ಹೇಳುವುದು ವಿಮಾನ ಮತ್ತೆ ಕಟ್ಟುವುದಕ್ಕಿಂತ ಕಷ್ಟವಾಯಿತು.

ಮೂರು ವಾರದಲ್ಲಿ ಇನ್ನೊಂದು ಕಟ್ಟಿದೆವು. 2025ರ ಫೆಬ್ರುವರಿಯಲ್ಲಿ ಟಿವಿಯ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ ಬೆಂಗಳೂರು ರೈಲು ಹತ್ತಿದೆವು. ಟಿಕೆಟ್ ಪರೀಕ್ಷಕರು ಪೆಟ್ಟಿಗೆ ತೋರಿಸಿ “ಇದರಲ್ಲಿ ಏನದ?” ಎಂದರು. “ವಿಮಾನ ಸರ್” ಎಂದ ನನ್ನ ಗೆಳೆಯ. “ಮತ್ತ ರೈಲಿನಾಗ ಯಾಕ ಹೊಂಟೀರಿ?” ಎಂದು ಅವರು ನಕ್ಕು ಮುಂದೆ ಹೋದರು. ಸ್ಪರ್ಧೆಯಲ್ಲಿ ಅದು ಒಂದು ಸುತ್ತು ಚೆನ್ನಾಗಿ ಹಾರಿ ಇಳಿಯಿತು. ಬಹುಮಾನ ಬರಲಿಲ್ಲ. ಮುರಿಯದೆ ಊರಿಗೆ ಬಂತು, ನಮಗೆ ಅದೇ ಬಹುಮಾನ.

ಆದರೆ ಪರೀಕ್ಷಕರ ಮಾತು ಮಾತ್ರ ತಲೆಯಲ್ಲಿ ಉಳಿಯಿತು. ರೈಲಿನಾಗ ಯಾಕ?

ಯಲಹಂಕದಲ್ಲಿ ಕಂಡದ್ದು, ಕಾಣದ್ದು

ಸ್ಪರ್ಧೆಯ ಮರುದಿನ ಯಲಹಂಕದ ಏರೋ ಇಂಡಿಯಾ ನೋಡಲು ಹೋದೆವು. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನ ಈ ಸಲ ಹದಿನೈದನೆಯದು. ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಒಂದೇ ಮೈದಾನದಲ್ಲಿದ್ದವು. ಜನ ಅವುಗಳ ಮುಂದೆ ಸೆಲ್ಫಿಗೆ ಮುಗಿಬಿದ್ದಿದ್ದರು. ಸೂರ್ಯಕಿರಣದ ಒಂಬತ್ತು ಹಾಕ್‌ಗಳು ಬಂದಾಗ ನಾವು ನಾಲ್ವರು ಎದೆ ಉಬ್ಬಿಸಿ ಪಕ್ಕದವರಿಗೆ ಹೇಳಿದೆವು: “ನಮ್ಮೂರಿನವು ರೀ ಅವು.”

ಹೇಳಿದ ಮರುಕ್ಷಣವೇ ಗಂಟಲು ಕಟ್ಟಿತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, 2019ರ ಫೆಬ್ರುವರಿ 19ರಂದು, ಇದೇ ಯಲಹಂಕದ ಮೇಲೆ ಪ್ರದರ್ಶನದ ಹಿಂದಿನ ದಿನದ ಅಭ್ಯಾಸದಲ್ಲಿ ಸೂರ್ಯಕಿರಣದ ಎರಡು ವಿಮಾನಗಳು ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಅದಕ್ಕೂ ಮುಂಚೆ, 2006ರ ಮಾರ್ಚ್‌ನಲ್ಲಿ, ಬೀದರ್ ಬಳಿಯೇ ಅಭ್ಯಾಸದ ವೇಳೆ ತಂಡದ ಇಬ್ಬರು ಪೈಲಟ್‌ಗಳು ಸತ್ತಿದ್ದರು. ನಮಗೆ ರೊಟ್ಟಿಯ ಹೊತ್ತು ಹೇಳುವ ಆ ಸದ್ದಿನ ಒಳಗೆ ಮನುಷ್ಯರಿದ್ದಾರೆ ಎಂದು ನನಗೆ ಮೊದಲು ತಿಳಿದದ್ದು 2019ರ ಆ ಸಂಜೆ, ಟಿವಿಯ ಮುಂದೆ.

ಆ ಮೈದಾನದಲ್ಲಿ ನಾನು ಇನ್ನೊಂದನ್ನು ಹುಡುಕಿದೆ. ಯಾರೋ ಒಬ್ಬ ಮೇಷ್ಟ್ರು, ಒಬ್ಬ ಮೆಕ್ಯಾನಿಕ್, ಒಬ್ಬ ರೈತನ ಮಗ ತಾನೇ ಕಟ್ಟಿ, ತಾನೇ ಹಾರಿಸಿಕೊಂಡು ಬಂದು ಮೂಲೆಯಲ್ಲಿ ನಿಲ್ಲಿಸಿದ ಒಂದು ಪುಟ್ಟ ವಿಮಾನ. ನನ್ನ ಕಣ್ಣಿಗೆ ಬೀಳಲಿಲ್ಲ.

ನಮ್ಮ ದೇಶದಲ್ಲಿ ಅಂಥವರೇ ಇಲ್ಲವೆಂದಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದರು. ಅದು ಅವರ ಮೂರನೆಯ ಪ್ರಯತ್ನ. ವಿಮಾನದ ಹೆಸರಿನಲ್ಲೇ ಆ ಸಂಖ್ಯೆ ಇದೆ, ಟಿಎಸಿ-003. 2016ರ ಫೆಬ್ರುವರಿಯಲ್ಲಿ ಮುಂಬೈನ ಮೇಕ್ ಇನ್ ಇಂಡಿಯಾ ಸಪ್ತಾಹಕ್ಕೆ ಅದು ಬಂತು. ಹೇಗೆ ಬಂತು? ಬಿಚ್ಚಿ, ಕ್ರೇನ್‌ನಲ್ಲಿ ಮಾಳಿಗೆಯಿಂದ ಇಳಿಸಿ, ಮೈದಾನಕ್ಕೆ ಸಾಗಿಸಿ, ಮತ್ತೆ ಜೋಡಿಸಿದರು. ನಮ್ಮ ಥರ್ಮಾಕೋಲ್ ವಿಮಾನ ರಟ್ಟಿನ ಪೆಟ್ಟಿಗೆಯಲ್ಲಿ ಹೋದ ಹಾಗೆಯೇ. ಹಾರಲು ಅದಕ್ಕೆ ಕಾಗದವಿರಲಿಲ್ಲ. ವರ್ಷಗಟ್ಟಲೆ ಓಡಾಡಿದ ಮೇಲೆ 2017ರ ನವೆಂಬರ್‌ನಲ್ಲಿ ನೋಂದಣಿ ಸಿಕ್ಕಿತು, 2019ರಲ್ಲಿ ಹಾರಾಟ ಪರೀಕ್ಷೆಗೆ ಅನುಮತಿ ಸಿಕ್ಕಿತು, 2020ರಲ್ಲಿ ಮಹಾರಾಷ್ಟ್ರದ ಧುಳೆಯಲ್ಲಿ ಅದು ನೆಲ ಬಿಟ್ಟಿತು. ಜನ ಅದನ್ನು ನೋಡಿ ಚಪ್ಪಾಳೆ ತಟ್ಟಿದ ನಾಲ್ಕು ವರ್ಷದ ನಂತರ.

ಹಾಗಾದರೆ ನಿಯಮವೇ ಬೇಡವೇ?

ಸ್ಪರ್ಧೆಗೆ ಮುಂಚೆ ಕೇಳಿದ್ದರೆ ‘ಬೇಡ, ಬಿಟ್ಟುಬಿಡಿ’ ಅನ್ನುತ್ತಿದ್ದೆನೋ ಏನೋ. ಹೊಲದಲ್ಲಿ ಬಿದ್ದ ವಿಮಾನದ ಮುಂದೆ ಕುಳಿತ ಮೇಲೆ ಹಾಗೆ ಹೇಳಲಾರೆ.

1997ರ ಅಕ್ಟೋಬರ್ 12ರಂದು ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ ಹಾರುತ್ತಿದ್ದ ವಿಮಾನ ಸಮುದ್ರಕ್ಕೆ ಬಿತ್ತು. ಅದು ಇದೇ ಲಾಂಗ್-ಈಝಿ. ಬೇರೆಯವರು ಮನೆಯಲ್ಲಿ ಕಟ್ಟಿದ್ದನ್ನು ಅವರು ಆಗತಾನೆ ಕೊಂಡಿದ್ದರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಕವಾಟ ಪೈಲಟ್‌ನ ಕಾಲುಗಳ ನಡುವೆ, ಕೈಗೆಟುಕುವಂತೆ ಇರಬೇಕೆಂದು ರುಟಾನ್ ಅವರ ನಕ್ಷೆ ಹೇಳಿತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಇಟ್ಟಿದ್ದರು. ಇಂಧನ ಕಡಿಮೆ ಇತ್ತು. ಕವಾಟ ತಿರುಗಿಸಲು ಮೈ ಹಿಂದಕ್ಕೆ ತಿರುಚಬೇಕಿತ್ತು. ಹಾಗೆ ತಿರುಗುವಾಗ ಕಾಲು ಪೆಡಲ್ ಒತ್ತಿ ವಿಮಾನ ಹತೋಟಿ ತಪ್ಪಿರಬೇಕು ಎಂದು ತನಿಖೆ ಹೇಳಿತು.

ಒಂದು ಕವಾಟ, ಒಂದು ಮೊಳ ಆಚೆ. ನನ್ನದು ಒಂದು ಬ್ಯಾಟರಿ, ಎರಡು ಬೆರಳು ಆಚೆ. ನನ್ನದರಲ್ಲಿ ಯಾರೂ ಕುಳಿತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲೂ ಕಟ್ಟಿದ ಮರುದಿನ ಜಾತ್ರೆಗೆ ಬಿಡುವುದಿಲ್ಲ. ಪರಿಶೀಲನೆಯಾಗಬೇಕು. ಆಮೇಲೆ ಗೊತ್ತುಪಡಿಸಿದ ಪ್ರದೇಶದ ಒಳಗೆ, ಪ್ರಯಾಣಿಕರನ್ನು ಕೂರಿಸದೆ, ಸಾಮಾನ್ಯವಾಗಿ ನಲವತ್ತು ಗಂಟೆ ಹಾರಿಸಿ, ಪ್ರತಿಯೊಂದು ವರ್ತನೆಯನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಅಂದರೆ ಅಲ್ಲಿ ನಿಯಮ ಇಲ್ಲವೆಂದಲ್ಲ. ನಿಯಮಕ್ಕೆ ಒಂದು ದಾರಿ ಇದೆ. ಎಲ್ಲಿ ಶುರು, ಯಾವ ಮೆಟ್ಟಿಲು, ಎಲ್ಲಿ ಕೊನೆ ಎಂದು ಕಟ್ಟುವವನಿಗೆ ಮೊದಲೇ ಗೊತ್ತಿರುತ್ತದೆ. ಹತ್ತಲು ಕಷ್ಟವಾದ ಮೆಟ್ಟಿಲು ಬೇರೆ, ಮೆಟ್ಟಿಲೇ ಕಾಣದ ಗೋಡೆ ಬೇರೆ. ನಮ್ಮ ಹುಡುಗರಿಗೆ ಬೇಕಾಗಿರುವುದು ಸಡಿಲ ಬಿಟ್ಟ ನಿಯಮವಲ್ಲ, ಕಣ್ಣಿಗೆ ಕಾಣುವ ಮೆಟ್ಟಿಲು. ಕಾಲೇಜುಗಳಿಗೆ ಒಂದು ಷೆಡ್, ತಪ್ಪು ತೋರಿಸಿಕೊಡುವ ಒಬ್ಬ ಅನುಭವಿ, ತಪ್ಪನ್ನು ಒಪ್ಪಿಕೊಂಡರೆ ಅಂಕ ಕಳೆಯದ ಒಂದು ಪರೀಕ್ಷೆ. ವಾಯುನೆಲೆಯ ನೆರಳಿನಲ್ಲೇ ಇರುವ ಬೀದರ್‌ಗಿಂತ ಇದಕ್ಕೆ ಒಳ್ಳೆಯ ಜಾಗ ಎಲ್ಲಿದೆ?

ಗೆರೆ

ಊರಿಗೆ ಬಂದ ಮೇಲೆ ಹೈಸ್ಕೂಲಿನ ಹಳೆಯ ಅಟ್ಲಾಸ್ ತೆಗೆದೆ. ಬೀದರ್ ಇರುವುದು ಸುಮಾರು 77.5 ಡಿಗ್ರಿ ರೇಖಾಂಶದಲ್ಲಿ. ಯಲಹಂಕವೂ ಹೆಚ್ಚುಕಮ್ಮಿ ಅದೇ ರೇಖೆಯಲ್ಲಿ. ಅಂದರೆ ನಮ್ಮೂರಿನಿಂದ ಏರೋ ಇಂಡಿಯಾಕ್ಕೆ ದಾರಿ ಕೇಳಬೇಕಾಗಿಲ್ಲ. ನೇರ ದಕ್ಷಿಣಕ್ಕೆ ಮೂತಿ ಮಾಡಿದರೆ ಸಾಕು. ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಜಹೀರಾಬಾದ್‌ನ ಪಕ್ಕ, ತಾಂಡೂರಿನ ಕಲ್ಲುಗಣಿಗಳ ಹತ್ತಿರ, ನಾರಾಯಣಪೇಟೆಯ ಮೇಲೆ, ರಾಯಚೂರಿನ ಹತ್ತಿರ ಕೃಷ್ಣೆ, ಮಂತ್ರಾಲಯದ ಬಳಿ ತುಂಗಭದ್ರೆ. ಆಮೇಲೆ ಅನಂತಪುರದ ಬಂಜರು, ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕ. ಒಟ್ಟು ಸುಮಾರು 530 ಕಿ.ಮೀ. ರೈಲಿನಲ್ಲಿ ಇಡೀ ರಾತ್ರಿ. ಹಂಸದಂಥ ಪುಟ್ಟ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ಲಾಂಗ್-ಈಝಿ ಆದರೆ ಎರಡೂವರೆ ಗಂಟೆಯೂ ಬೇಡ.

ಗೆರೆ ಎಳೆಯುವುದು ಸುಲಭ. ಅದರ ಮೇಲೆ ಹೋಗಲು ಪೈಲಟ್ ಪರವಾನಗಿ, ಲಕ್ಷಗಟ್ಟಲೆ ರೂಪಾಯಿ, ವರ್ಷಗಟ್ಟಲೆ ಕೆಲಸ, ಒಂದು ಕಂತೆ ಅನುಮತಿ ಬೇಕು. ಅದೆಲ್ಲ ನನಗೆ ಗೊತ್ತು. ಅದಕ್ಕೂ ಮೊದಲು ನಾಲ್ಕು ಬ್ಯಾಕ್‌ಲಾಗ್ ಇಲ್ಲದೆ ಬಿಇ ಮುಗಿಸಬೇಕು ಎನ್ನುತ್ತಾಳೆ ಅವ್ವ. ಅದೂ ಸರಿಯೇ.

ಸದ್ಯಕ್ಕೆ ಒಂದು ಉದ್ದನೆಯ ನೋಟ್‌ಬುಕ್ ಕೊಂಡಿದ್ದೇನೆ. ಮೊದಲ ಪುಟದಲ್ಲಿ ಬರೆದಿರುವುದು: ‘ಬ್ಯಾಟರಿ ಎರಡು ಬೆರಳು ಹಿಂದೆ. ಕಾರಣ, ನನ್ನ ಅವಸರ. ಯಾರಿಗೂ ಹೇಳಿರಲಿಲ್ಲ.’ ಎರಡನೇ ಪುಟದಿಂದ ಹೊಸ ವಿಮಾನದ ಅಳತೆಗಳು ಶುರುವಾಗಿವೆ. ಬಿಸಿ ತಂತಿಯ ಬಿಲ್ಲಿನ ಇನ್ನೊಂದು ತುದಿ ಹಿಡಿಯಲು ಈಗ ಕಾಕನ ಮಗಳು ಬರುತ್ತಾಳೆ. ಅವಳ ಕೈ ನನ್ನದಕ್ಕಿಂತ ಸ್ಥಿರ.

ನಿನ್ನೆ ಬೆಳಿಗ್ಗೆ ಹೊಲದ ಮೇಲೆ ವಿಮಾನದ ಸದ್ದು ಬಂದಾಗ ಅವಳು ತಲೆ ಎತ್ತಲಿಲ್ಲ. “ಅಣ್ಣಾ, ತಂತಿ ಗಟ್ಟಿ ಹಿಡಿ, ಅಲ್ಲಾಡ್ಲತ್ತದ” ಎಂದಳು.